ಮುಂಜಾನೆ ಎಂಟಕ್ಕೆ ಮೊದಲ ಪಂದ್ಯ

ಶಾಲಾ ಮಕ್ಕಳ ಆಟದಲ್ಲಿ ಸೋಲು ಗೆಲುವು ಮೈದಾನದಲ್ಲೇ ತೀರ್ಮಾನವಾಗುತ್ತದೆ ಎಂದು ನೀವು ನಂಬಿದ್ದರೆ, ನಿಮ್ಮನ್ನು ಒಮ್ಮೆ ನಮ್ಮ ಹುಡುಗಿಯರ ಜೊತೆ ರಾಜ್ಯ ಮಟ್ಟದ ಕ್ರೀಡಾಕೂಟಕ್ಕೆ ಕರೆದುಕೊಂಡು ಹೋಗಬೇಕೆಂದು ನನಗೆ ಆಸೆ. ಅರ್ಧ ತೀರ್ಮಾನ ಅದಕ್ಕೂ ಮೊದಲೇ ಆಗಿರುತ್ತದೆ. ಯಾರೋ ಒಬ್ಬರು ಮೇಜಿನ ಮುಂದೆ ಕುಳಿತು, ಹಾಳೆಯ ಮೇಲೆ ಗೆರೆ ಎಳೆದು, ಇಂಥ ದಿನ ಇಂಥ ಹೊತ್ತಿಗೆ ಇಂಥವರ ಮೇಲೆ ಇಂಥವರು ಎಂದು ಬರೆದಾಗಲೇ ಆಗಿರುತ್ತದೆ. ರೆಫರಿಯ ಸೀಟಿಯನ್ನು ಪ್ರಶ್ನೆ ಮಾಡುವವರುಂಟು. ಅಂಕ ಬರೆಯುವವರ ಜೊತೆ ಜಗಳ ತೆಗೆಯುವವರುಂಟು. ಆ ಹಾಳೆಗೆ ಮಾತ್ರ ಎಲ್ಲರೂ ಕೈಮುಗಿದು ನಿಲ್ಲುತ್ತಾರೆ.

ನಾನು ಆಟದ ಟೀಚರಲ್ಲ. ಬಿ.ಎ., ಬಿ.ಎಡ್. ಮಾಡಿಕೊಂಡು ಕನ್ನಡವನ್ನೂ ಸಮಾಜವನ್ನೂ ಪಾಠ ಮಾಡುವವಳು. ಮನೆ ಕಲಬುರಗಿಯ ಗಾಜಿಪುರದಲ್ಲಿ, ಶಾಲೆ ಕಮಲಾಪುರದ ಕಡೆ. ದಿನಾ ಹುಮನಾಬಾದ್ ರಸ್ತೆಯ ಬಸ್ಸೇ ನನ್ನ ಎರಡನೆಯ ಮನೆ. ಹೀಗಿದ್ದರೂ ಇಷ್ಟು ವರ್ಷಗಳಲ್ಲಿ ನಾನು ಖೋ ಖೋ ತಂಡದ ಜೊತೆ ಸುತ್ತಿದಷ್ಟು ನನ್ನ ತವರಿಗೂ ಹೋಗಿಲ್ಲ. ಕಾರಣ ಸರಳ. ನಮ್ಮ ದೈಹಿಕ ಶಿಕ್ಷಕರು ಗಂಡಸರು. ಹೆಣ್ಣುಮಕ್ಕಳ ಜೊತೆ ಒಬ್ಬ ಹೆಂಗಸಾದರೂ ಇರಬೇಕು ಎಂದು ಮನೆಯವರು ಕೇಳುತ್ತಾರೆ, ಅದು ನ್ಯಾಯವೇ. ಶಾಲೆಯಲ್ಲಿ ಮಕ್ಕಳು ಮರಿ ದೊಡ್ಡವಾಗಿ, ಅತ್ತೆಯ ಔಷಧಿ ಮಾತ್ರೆಗಳ ಜವಾಬ್ದಾರಿಯೂ ಮುಗಿದು, ನಾಲ್ಕು ದಿನ ಮನೆ ಬಿಟ್ಟು ಹೊರಡಬಲ್ಲವಳು ಯಾರು ಎಂದು ನೋಡಿದರೆ ಎಲ್ಲರ ಕಣ್ಣೂ ನನ್ನ ಮೇಲೆ.

ಈಗ ದೂರದ ಮಾತು. ನಮ್ಮಲ್ಲಿ ಶಾಲಾ ಕ್ರೀಡೆಗೆ ಮೆಟ್ಟಿಲುಗಳಿವೆ: ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ಆಮೇಲೆ ರಾಜ್ಯ. ಮೊದಲ ಮೂರು ಮೆಟ್ಟಿಲನ್ನು ರೊಟ್ಟಿ ಬುತ್ತಿ ಕಟ್ಟಿಕೊಂಡು ಹತ್ತಿ ಸಂಜೆಗೆ ಮನೆ ಸೇರಬಹುದು. ವಿಭಾಗಕ್ಕೆ ಬಂದಾಗ ಕಾಲು ನೋಯಲು ಶುರು. ಕಲಬುರಗಿ ವಿಭಾಗವೆಂದರೆ ಬೀದರಿನಿಂದ ಬಳ್ಳಾರಿಯವರೆಗೆ ಏಳು ಜಿಲ್ಲೆ. ಈ ತುದಿಯಿಂದ ಆ ತುದಿಗೆ 400 ಕಿಲೋಮೀಟರಿನ ಹತ್ತಿರ. ರಾಜ್ಯ ಮಟ್ಟ ಬಂತೆಂದರೆ ಕೇಳುವುದೇ ಬೇಡ. ಬೆಂಗಳೂರು ನಮಗೆ ಸುಮಾರು 600 ಕಿಲೋಮೀಟರು. ಮೈಸೂರಾದರೆ ಅದರ ಮೇಲೆ ಇನ್ನೂ 140. ಮಂಡ್ಯದ ಹುಡುಗಿಯರು ಮೈಸೂರಿನಲ್ಲಿ ಆಡಬೇಕಾದರೆ 45 ಕಿಲೋಮೀಟರು ಹೋದರಾಯಿತು. ನಾನು ದಿನಾ ಪಾಠ ಮಾಡಲು ಹೋಗುವುದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಇನ್ನೊಂದು ತಮಾಷೆ ನೋಡಿ. ನಮ್ಮ ರಾಜಧಾನಿಗೆ ರೈಲಿನಲ್ಲಿ ಹೋಗಬೇಕಾದರೆ ರಾಯಚೂರು ದಾಟಿದ ಮೇಲೆ ಆದೋನಿ, ಗುಂತಕಲ್ಲು, ಅನಂತಪುರ ಎಂದು ಆಂಧ್ರವನ್ನು ಹಾದು ಮತ್ತೆ ಕರ್ನಾಟಕಕ್ಕೆ ಬರಬೇಕು. ಹಳೆಯ ರಾಜಧಾನಿ ಹೈದರಾಬಾದು 200 ಚಿಲ್ಲರೆ ಕಿಲೋಮೀಟರಿನಲ್ಲಿತ್ತು. 1956ರಲ್ಲಿ ನಾವು ಕನ್ನಡದ ಮನೆಗೆ ಬಂದದ್ದು ಸಂತೋಷವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯ ಯಜಮಾನರಿಗೆ ಹಿತ್ತಿಲ ಕೋಣೆ ಎಷ್ಟು ದೂರ ಇದೆ ಎಂಬುದು ಗೊತ್ತಿರಬೇಕಷ್ಟೆ.

ದೂರ ಇರುವುದು ಯಾರ ತಪ್ಪೂ ಅಲ್ಲ, ಒಪ್ಪುತ್ತೇನೆ. ಭೂಮಿಯನ್ನು ಎಳೆದು ಹತ್ತಿರ ಮಾಡಿ ಎಂದು ನಾನು ಕೇಳುತ್ತಿಲ್ಲ. ನನ್ನ ಜಗಳ ಇರುವುದು ತಾರೀಖು ಮತ್ತು ಹೊತ್ತಿನ ಜೊತೆ.

ರೈಲ್ವೆಯವರು ಈಗ 60 ದಿನ ಮುಂಚೆ ಟಿಕೆಟ್ ಕಾಯ್ದಿರಿಸಲು ಬಿಡುತ್ತಾರೆ. 2024ರ ನವೆಂಬರ್‌ಗೆ ಮುಂಚೆ 120 ದಿನ ಇತ್ತು. ನಮಗೆ ಕ್ರೀಡಾಕೂಟದ ತಾರೀಖು ತಿಳಿಯುವುದು ಐದು ದಿನ ಮೊದಲು. ಒಮ್ಮೊಮ್ಮೆ ಮೂರು ದಿನ. 12 ಹುಡುಗಿಯರು, ಒಬ್ಬ ಸರ್, ನಾನು: ಹದಿನಾಲ್ಕು ಜನಕ್ಕೆ ಐದು ದಿನ ಮೊದಲು ಮಲಗಲು ಬರ್ತ್ ಸಿಗುವುದೆಂದರೆ ಶರಣಬಸವೇಶ್ವರನೇ ಮನಸ್ಸು ಮಾಡಬೇಕು. 2024ರ ಮಾರ್ಚಿನಿಂದ ಕಲಬುರಗಿ–ಬೆಂಗಳೂರು ನಡುವೆ ವಂದೇ ಭಾರತ್ ಓಡುತ್ತಿದೆ. ಬಹಳ ಚೆಂದದ ಗಾಡಿ, ಕಿಟಕಿ ಒರೆಸಿಟ್ಟಂತೆ ಇರುತ್ತದೆ. ಅದರ ಟಿಕೆಟ್ಟಿನ ದರ ಕೇಳಿದ ನಮ್ಮ ಪಿ.ಇ. ಸರ್, “ಇದು ಗೆದ್ದ ಮ್ಯಾಲ ಹತ್ತೋ ಗಾಡಿ ಬಿಡ್ರಿ ಮೇಡಂ” ಅಂದರು. ಉಳಿದದ್ದು ಜನರಲ್ ಬೋಗಿ, ಇಲ್ಲವೇ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದದ್ದು ದೊಡ್ಡ ಉಪಕಾರ. ನಾನು ಅದನ್ನು ಹಂಗಿಸುವವರ ಸಾಲಿನಲ್ಲಿಲ್ಲ. ಆದರೆ ಉಚಿತವಿರುವುದು ಸಾಮಾನ್ಯ ಬಸ್ಸು, ಮಲಗುವ ಬಸ್ಸಲ್ಲ. ಇಡೀ ರಾತ್ರಿ ಕುಳಿತೇ ಹೋಗಬೇಕು. ಖರ್ಚನ್ನು ಆಮೇಲೆ ಬಿಲ್ಲು ಹಾಕಿ ಪಡೆಯಬೇಕಾದವರಿಗೆ ಉಚಿತದ ಮುಂದೆ ಇನ್ನಾವ ಬಸ್ಸೂ ಕಣ್ಣಿಗೆ ಬೀಳುವುದಿಲ್ಲ.

ಹೀಗೆ ಒಂದು ವರ್ಷ ದಕ್ಷಿಣದ ಒಂದು ಊರಿಗೆ ಹೋದೆವು. ಊರಿನ ಹೆಸರು ಬೇಡ, ಅಲ್ಲಿ ಒಳ್ಳೆಯವರೂ ಇದ್ದರು. ಹಿಂದಿನ ಮಧ್ಯಾಹ್ನ ಹೊರಟವರು ಮರುದಿನ ಆರೂವರೆಗೆ ಇಳಿದೆವು. ಒಂದು ಶಾಲೆಯ ಎರಡು ಕೋಣೆಗಳನ್ನು ನಮಗೆ ಬಿಟ್ಟಿದ್ದರು. ನಲ್ಲಿ ಒಂದು, ಸಾಲು ನಾಲ್ಕು ಜಿಲ್ಲೆಯದು. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಒಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಇಬ್ಬರು ಹುಡುಗಿಯರು ದಾರಿಯಲ್ಲೇ ಮುಟ್ಟಾಗಿದ್ದರು. ಬಸ್ಸು ನಿಂತ ಕಡೆಯೆಲ್ಲ ಕತ್ತಲೆ, ಬದಲಾಯಿಸಲು ಜಾಗವಿರಲಿಲ್ಲ. ಅಷ್ಟರಲ್ಲಿ ಸರ್ ಮೊಬೈಲು ಹಿಡಿದುಕೊಂಡು ಓಡಿಬಂದರು. ಹಿಂದಿನ ರಾತ್ರಿ ಹತ್ತಕ್ಕೆ ಗುಂಪಿಗೆ ಪಂದ್ಯಗಳ ಪಟ್ಟಿ ಬಂದಿದೆ: ನಮ್ಮದು ಮುಂಜಾನೆ ಎಂಟಕ್ಕೆ, ಮೊದಲ ಪಂದ್ಯ. ಎದುರು ತಂಡ ಅದೇ ಜಿಲ್ಲೆಯದು, ಮನೆಯಲ್ಲಿ ಮಲಗಿ, ಮನೆಯ ತಿಂಡಿ ತಿಂದು ಬಂದದ್ದು.

ಖೋ ಖೋ ನೋಡಿದವರಿಗೆ ಗೊತ್ತು. ಅಟ್ಟಿಸುವ ತಂಡದವರು ಸಾಲಾಗಿ ಮೊಣಕಾಲು ಮಡಿಸಿ ಕೂತಿರಬೇಕು. ಬೆನ್ನಿಗೆ “ಖೋ” ಬಿದ್ದ ಕೂಡಲೇ ಚಿಗರಿಯಂತೆ ಏಳಬೇಕು. ಹದಿನಾರು ತಾಸು ಬಸ್ಸಿನಲ್ಲಿ ಕೂತು ಪಾದ ಊದಿಕೊಂಡ ಹುಡುಗಿ ಮತ್ತೆ ಮಣ್ಣಿನಲ್ಲಿ ಕೂತರೆ ಎಷ್ಟು ಬೇಗ ಎದ್ದಾಳು? ಜಿಲ್ಲೆಯಲ್ಲಿ, ವಿಭಾಗದಲ್ಲಿ ಹಾವಿನಂತೆ ಹರಿದಾಡಿದ ಮಕ್ಕಳು ಅಂದು ಒಬ್ಬರ ಕಾಲಿಗೆ ಒಬ್ಬರು ತೊಡರಿದರು. ಒಂಬತ್ತೂವರೆಗೆಲ್ಲ ಎಲ್ಲ ಮುಗಿದಿತ್ತು. ಸೋತವರು ಮನೆಗೆ ಹೋಗಬೇಕು ಎನ್ನುವುದು ಆ ಕೂಟದ ನಿಯಮ. ಮತ್ತೆ ಹದಿನಾರು ತಾಸು.

ನಾನು ಸಂಘಟಕರ ಮೇಜಿಗೆ ಹೋಗಿ ಕೇಳಿದೆ. “ಚೀಟಿ ಎತ್ತಿದ್ದು ಮೇಡಂ, ಎಲ್ಲರ ಎದುರಿಗೇ ಎತ್ತಿದ್ದು. ಅದೃಷ್ಟ” ಅಂದರು. ಇದು ಅವರ ಬಾಯಲ್ಲಿ ಸಿದ್ಧವಾಗಿರುವ ಉತ್ತರ. ನಮ್ಮಂಥವರು ಕೇಳಿ ಸುಮ್ಮನಾಗುತ್ತೇವೆ, ಚೀಟಿ ಎಂದರೆ ದೇವರ ಮಾತು ಅನ್ನುವಂತೆ. ಆದರೆ ಸ್ವಲ್ಪ ನಿಂತು ಯೋಚಿಸಿ. ಯಾರ ಮೇಲೆ ಯಾರು ಎಂದು ಹೇಳುವುದು ಚೀಟಿ. ಎಷ್ಟು ಹೊತ್ತಿಗೆ ಎಂದು ಬರೆಯುವುದು ಮನುಷ್ಯನ ಕೈ. ಆ ಕೈ ಕಲಬುರಗಿಯ ಪಂದ್ಯವನ್ನು ಸಂಜೆ ನಾಲ್ಕಕ್ಕೆ ಬರೆದಿದ್ದರೆ ಯಾವ ಚೀಟಿಯೂ ಅಡ್ಡ ಬರುತ್ತಿರಲಿಲ್ಲ.

ನಮ್ಮ ಮನೆಗಳಲ್ಲಿ ಮದುವೆ ನಡೆಯುವುದಿಲ್ಲವೇ? ಬೀಗರು ರಾತ್ರಿ ಪ್ರಯಾಣ ಮಾಡಿ ಬರುತ್ತಾರೆ ಎಂದು ಗೊತ್ತಾದರೆ ನಾವೇನು ಮಾಡುತ್ತೇವೆ? ಹಂಡೆಗೆ ನೀರು ಕಾಸುತ್ತೇವೆ, ಚಹಾ ಸುಸಲಾ ಸಿದ್ಧ ಇಡುತ್ತೇವೆ, ಮೈ ಚಾಚಲು ಒಂದು ಕೋಣೆ ತೆಗೆದಿಡುತ್ತೇವೆ. ಬೆಳಗಿನ ಶಾಸ್ತ್ರಗಳನ್ನು ಒಂದು ತಾಸು ಹಿಂದೆ ಮುಂದೆ ಮಾಡುತ್ತೇವೆ. ಇದನ್ನು ನಮಗೆ ಯಾವ ಕಾಲೇಜಿನಲ್ಲೂ ಕಲಿಸಿಲ್ಲ. ಯಾರು ಎಲ್ಲಿಂದ ಬರುತ್ತಾರೆ, ಎಷ್ಟು ಹೊತ್ತಿಗೆ ಇಳಿಯುತ್ತಾರೆ, ಯಾರ ಕೂಸು ರಾತ್ರಿ ಮಲಗಿಲ್ಲ ಎಂದು ಲೆಕ್ಕ ಹಾಕಿ ಊಟದ ಪಂಕ್ತಿ ಹೂಡುವ ಒಬ್ಬ ಸೋದರತ್ತೆಯನ್ನು ಆ ಸಮಿತಿಯಲ್ಲಿ ಕೂರಿಸಿದ್ದರೆ ಅರ್ಧ ತಾಸಿನಲ್ಲಿ ಪಟ್ಟಿ ಸರಿಯಾಗುತ್ತಿತ್ತು. ಆದರೆ ನಾನು ನೋಡಿದ ಮೇಜುಗಳ ಹಿಂದೆಲ್ಲ ಗಂಡಸರೇ ಕುಳಿತಿದ್ದರು. ಹೆಣ್ಣುಮಕ್ಕಳ ಪಂದ್ಯಕ್ಕೂ ಅವರೇ.

ಈ ರೋಗ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ನನ್ನ ತಂಗಿಯ ಮಗ ನ್ಯೂಜಿಲೆಂಡಿನಲ್ಲಿದ್ದಾನೆ. ಅಲ್ಲಿ ರಗ್ಬಿ ಎಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಕುಸ್ತಿ, ಕಬಡ್ಡಿ, ಫುಟ್‌ಬಾಲು ಮೂರನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಕಲಸಿದಂಥ ಆಟ. ಆತ ಫೋನಿನಲ್ಲಿ ಹೇಳಿದ್ದು ಕೇಳಿ ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಸೂಪರ್ ರಗ್ಬಿ ಎಂದು ಒಂದು ಅಂತರರಾಷ್ಟ್ರೀಯ ಸ್ಪರ್ಧೆ. ನ್ಯೂಜಿಲೆಂಡು, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕದ ತಂಡಗಳಿದ್ದವು. 2016ರಲ್ಲಿ ಅರ್ಜೆಂಟೀನದ ಒಂದು ತಂಡವನ್ನೂ ಜಪಾನಿನ ಸನ್‌ವುಲ್ವ್ಸ್ ಎಂಬ ತಂಡವನ್ನೂ ಸೇರಿಸಿಕೊಂಡರು. ಜಪಾನಿನವರನ್ನು ಯಾವ ಗುಂಪಿಗೆ ಹಾಕಿದರು ಗೊತ್ತೇ? ಆಫ್ರಿಕದ ಗುಂಪಿಗೆ! ಟೋಕಿಯೋದ ಹುಡುಗರು ದಕ್ಷಿಣ ಆಫ್ರಿಕದವರ ಜೊತೆ ಸರತಿ ಆಡಬೇಕು, ತಮ್ಮ “ಮನೆಯ” ಪಂದ್ಯಗಳಲ್ಲಿ ಕೆಲವನ್ನು ಸಿಂಗಪುರಕ್ಕೆ ಹೋಗಿ ಆಡಬೇಕು. ಮೊದಲ ವರ್ಷ 15 ಪಂದ್ಯಗಳಲ್ಲಿ ಅವರು ಗೆದ್ದದ್ದು ಒಂದು, ಸಮ ಮಾಡಿಕೊಂಡದ್ದು ಒಂದು. 2020ರ ನಂತರ ಆ ತಂಡ ಸ್ಪರ್ಧೆಯಲ್ಲಿ ಇರುವುದಿಲ್ಲವೆಂದು 2019ರಲ್ಲೇ ಹೇಳಿಬಿಟ್ಟರು. ಕಾರಣ ಹಣದ್ದು. ಸೋಲಿಗೆ ದೂರವೊಂದೇ ಕಾರಣ ಎಂದು ನಾನು ಹೇಳಲಾರೆ, ತಂಡವೂ ಹೊಸದು. ಆದರೆ ಟೋಕಿಯೋ ಆಫ್ರಿಕದಲ್ಲಿದೆ ಎಂದು ಹಾಳೆಯ ಮೇಲೆ ಬರೆದವರು ಸಮಾಜ ವಿಷಯದಲ್ಲಿ ನನ್ನ ಬಳಿ ಪಾಸಾಗುತ್ತಿರಲಿಲ್ಲ.

ಅದೇ ಆಟದ ವಿಶ್ವಕಪ್ಪಿನ ಕಥೆ ಇನ್ನೂ ಸ್ಪಷ್ಟ. 2015ರಲ್ಲಿ ಇಂಗ್ಲೆಂಡಿನಲ್ಲಿ, ಸೆಪ್ಟೆಂಬರ್ 19ರಂದು ಜಪಾನ್ ತಂಡ ಬಲಾಢ್ಯ ದಕ್ಷಿಣ ಆಫ್ರಿಕವನ್ನು 34–32ರಿಂದ ಸೋಲಿಸಿ ಜಗತ್ತನ್ನೇ ಬೆರಗುಗೊಳಿಸಿತು. ಮೈ ನುಗ್ಗಾಗಿದ್ದ ಆ ತಂಡ ನಾಲ್ಕೇ ದಿನಕ್ಕೆ, 23ರಂದು, ಸ್ಕಾಟ್ಲೆಂಡಿನ ಎದುರು ನಿಂತಿತು. ಸ್ಕಾಟ್ಲೆಂಡಿಗೆ ಅದು ಮೊದಲ ಪಂದ್ಯ. 45–10ರಿಂದ ಜಪಾನ್ ಸೋತಿತು. ಗುಂಪಿನ ನಾಲ್ಕರಲ್ಲಿ ಮೂರು ಪಂದ್ಯ ಗೆದ್ದೂ ಮುಂದಿನ ಸುತ್ತಿಗೆ ಹೋಗಲಾಗಲಿಲ್ಲ. ಅದಕ್ಕೂ ಮುಂಚೆ, 2011ರಲ್ಲಿ, ಸಮೋವಾ ಎಂಬ ಪುಟ್ಟ ದ್ವೀಪದ ತಂಡ ಸೆಪ್ಟೆಂಬರ್ 14ಕ್ಕೆ ಒಂದು ಪಂದ್ಯ ಆಡಿ 18ಕ್ಕೆ ವೇಲ್ಸ್ ಎದುರು ಇಳಿಯಬೇಕಾಯಿತು. ವೇಲ್ಸಿಗೆ ನಡುವೆ ಏಳು ದಿನ ಸಿಕ್ಕಿತ್ತು. ದೊಡ್ಡ ದೇಶಗಳಿಗೆ ವಾರದ ಬಿಡುವು, ಸಣ್ಣ ದೇಶಗಳಿಗೆ ಉಳಿದ ದಿನಗಳು. ದೊಡ್ಡವರ ಪಂದ್ಯ ವಾರದ ಕೊನೆಗೆ ಬಿದ್ದರೆ ಟಿ.ವಿ. ನೋಡುವವರು ಹೆಚ್ಚು, ಅದಕ್ಕೆ. ಆದರೆ ಆ ಆಟಗಾರರು ಸುಮ್ಮನೆ ಕೂರಲಿಲ್ಲ. ಬೈಸಿಕೊಂಡರೂ ಬಾಯಿ ಬಿಟ್ಟು ಹೇಳಿದರು. ವರ್ಷಗಟ್ಟಲೆ ಹೇಳಿದ ಮೇಲೆ, 2023ರ ಫ್ರಾನ್ಸಿನ ವಿಶ್ವಕಪ್ಪನ್ನು ಒಂದು ವಾರ ಉದ್ದ ಮಾಡಿ, ಯಾವ ತಂಡಕ್ಕೂ ಎರಡು ಪಂದ್ಯಗಳ ನಡುವೆ ಕನಿಷ್ಠ ಐದು ದಿನದ ವಿಶ್ರಾಂತಿ ಇರಬೇಕೆಂದು ಕಟ್ಟುಮಾಡಿದರು. ಹೇಳಿದರೆ ಪಟ್ಟಿ ಬದಲಾಗುತ್ತದೆ ಎನ್ನುವುದಕ್ಕೆ ನನಗೆ ಇದೊಂದೇ ಸಾಕ್ಷಿ ಸಾಕು.

ಇನ್ನು ಹಣವಿದ್ದರಂತೂ ಹೇಳುವ ಮುಂಚೆಯೇ ಬದಲಾಗುತ್ತದೆ. 2009ರಲ್ಲಿ ಲೋಕಸಭೆ ಚುನಾವಣೆ ಬಂತೆಂದು ಐಪಿಎಲ್ ಕ್ರಿಕೆಟ್ಟನ್ನು ಇಡಿಯಾಗಿ ಎತ್ತಿ ದಕ್ಷಿಣ ಆಫ್ರಿಕದಲ್ಲಿ ಇಟ್ಟರು, ಕೆಲವೇ ವಾರಗಳಲ್ಲಿ. 2023ರ ಕ್ರಿಕೆಟ್ ವಿಶ್ವಕಪ್ಪಿನ ಪಟ್ಟಿ ಜೂನ್‌ನಲ್ಲಿ ಹೊರಬಿತ್ತು. ಆಗಸ್ಟ್‌ನಲ್ಲಿ ಅದರ ಒಂಬತ್ತು ಪಂದ್ಯಗಳ ದಿನ ಅಥವಾ ಹೊತ್ತು ಬದಲಾಯಿತು. ಭಾರತ–ಪಾಕಿಸ್ತಾನ ಪಂದ್ಯದ ದಿನವೇ ಅಹಮದಾಬಾದಿನಲ್ಲಿ ನವರಾತ್ರಿಯ ಗರ್ಬಾ ಶುರುವಾಗುತ್ತದೆ ಎಂದು ಅಕ್ಟೋಬರ್ 15ರದ್ದನ್ನು 14ಕ್ಕೆ ತಂದರು. ಒಳ್ಳೆಯದೇ ಮಾಡಿದರು. ಹಬ್ಬ ಹುಣ್ಣಿಮೆ ನೋಡಬೇಕಾದದ್ದೇ. ಆದರೆ ನಮ್ಮ ಹುಡುಗಿಯರ ಪಂದ್ಯ ಗೌರಿ ಹಬ್ಬದ ಮರುದಿನ ಬಿದ್ದರೆ, ಉರ್ದು ಶಾಲೆಯ ತಂಡದ್ದು ರಂಜಾನ್ ಉಪವಾಸದಲ್ಲಿ ಮಟಮಟ ಮಧ್ಯಾಹ್ನಕ್ಕೆ ಬಿದ್ದರೆ, ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ದಿನ ಬಿದ್ದರೆ, “ಪಟ್ಟಿ ಬಂದ್ಬಿಟ್ಟದ, ಏನ್ ಮಾಡ್ಲಿಕ್ ಆಗ್ತದ್ರಿ” ಎಂಬ ಉತ್ತರವೇ ಎಲ್ಲದಕ್ಕೂ.

“ಆಟ ಅಂದರೆ ಕಷ್ಟ ಸಹಿಸಬೇಕು, ಹಾಗೇ ಗಟ್ಟಿಯಾಗುತ್ತಾರೆ” ಎನ್ನುವ ಹಿರಿಯರಿದ್ದಾರೆ. ನಮ್ಮ ಹುಡುಗಿಯರಿಗೆ ಕಷ್ಟದ ಪಾಠ ಹೇಳಲು ಹೊರಟವರು ಒಂದು ದಿನ ಕಮಲಾಪುರದ ಸುತ್ತಿನ ಹೊಲಗಳಿಗೆ ಬರಲಿ. ಹೆಸರು ಬಿಡಿಸಿ, ತೊಗರಿ ಕೊಯ್ದು, ನೀರು ಹೊತ್ತು, ತಮ್ಮನನ್ನು ಎತ್ತಿ ಆಡಿಸಿ ಆಮೇಲೆ ಶಾಲೆಗೆ ಬಂದು ಖೋ ಖೋ ಆಡುವ ಮಕ್ಕಳಿವು. ಕಷ್ಟ ಇವರಿಗೆ ಮನೆಯಲ್ಲೇ ಸಿಗುತ್ತದೆ, ಅದಕ್ಕಾಗಿ 700 ಕಿಲೋಮೀಟರು ಹೋಗಬೇಕಾಗಿಲ್ಲ. ಅಲ್ಲದೆ ಕಷ್ಟದಿಂದ ಗಟ್ಟಿಯಾಗುವುದೇ ನಿಜವಾದರೆ, ಆ ಭಾಗ್ಯ ಪ್ರತಿ ವರ್ಷ ನಮಗೊಬ್ಬರಿಗೇ ಏಕೆ? ಒಂದು ವರ್ಷ ಅವರೂ ನಮ್ಮ ಬಿಸಿಲಿಗೆ ಬರಲಿ.

ಬಂದರು ಅನ್ನಿ. ಆಗ ನಾವೇನು ಮಾಡುತ್ತೇವೆ? ಇದನ್ನೂ ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ವಿಭಾಗದ ಕೂಟ ನಮ್ಮ ಕಡೆ ನಡೆದಾಗ ಬಳ್ಳಾರಿ ಕಡೆಯ ಹುಡುಗಿಯರು ಇಡೀ ರಾತ್ರಿ ಕೂತು ಬಂದು, ಕಣ್ಣು ಕೆಂಪಗೆ ಮಾಡಿಕೊಂಡು ಸಾಲಿನಲ್ಲಿ ನಿಂತದ್ದನ್ನು ನಾನು ನೋಡಿದ್ದೇನೆ. ನಮ್ಮ ಸಂಘಟಕರೂ ಅವರನ್ನು ಬೆಳಗಿನ ಪಂದ್ಯಕ್ಕೇ ಎಳೆದರು. ಪಕ್ಕದಲ್ಲಿ ಕುಳಿತಿದ್ದವರೊಬ್ಬರು “ನಮಗ ಅನುಕೂಲ ಆಯ್ತು” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆದ್ದರಿಂದ ಇದನ್ನು ಬರೀ ಉತ್ತರ–ದಕ್ಷಿಣದ ಜಗಳ ಮಾಡಿ ಕೈತೊಳೆದುಕೊಳ್ಳಬೇಡಿ. ಮನೆಯಂಗಳದಲ್ಲಿ ಕೂಟ ನಡೆಸುವವರೇ ಹೊತ್ತನ್ನೂ ಗೊತ್ತು ಮಾಡಿದರೆ ಎಲ್ಲಿಯಾದರೂ ಹೀಗೇ ಆಗುತ್ತದೆ.

ಒಂದು ಪಂದ್ಯ ಸೋತರೆ ಏನಾಯಿತು ಎಂದು ನೀವು ಕೇಳಬಹುದು. ಗಂಡುಹುಡುಗರಾಗಿದ್ದರೆ ಏನೂ ಆಗುತ್ತಿರಲಿಲ್ಲ. ಹೆಣ್ಣುಮಕ್ಕಳ ಲೆಕ್ಕವೇ ಬೇರೆ. ಅವಳನ್ನು ಊರಾಚೆ ಕಳಿಸಲು ಮನೆಯಲ್ಲಿ ಎಷ್ಟು ಮಾತಾಗಿರುತ್ತದೆ ಎಂಬುದು ಓದುವ ನಿಮಗೆ ನಾನು ಹೇಳಬೇಕಾಗಿಲ್ಲ. ಅಪ್ಪನನ್ನು ಒಪ್ಪಿಸಲು ಅವ್ವ ವಾರ ತೆಗೆದುಕೊಂಡಿರುತ್ತಾಳೆ, ದೊಡ್ಡಪ್ಪನ ಕಡೆಯಿಂದ ಒಂದು ಕೊಂಕು ಕೇಳಿರುತ್ತಾಳೆ. ಅಂಥ ಹುಡುಗಿ ಜ್ವರ ಹಿಡಿದು, ಮೈ ಸೊರಗಿ, ಸೋತು ಮರಳಿದರೆ ಮುಂದಿನ ವರ್ಷ ಆ ಮನೆಯ ಬಾಗಿಲು ಮುಚ್ಚುತ್ತದೆ. ಅವಳ ತಂಗಿಗೂ ಮುಚ್ಚುತ್ತದೆ. ಓಣಿಯಲ್ಲಿ ಇನ್ನೂ ನಾಲ್ಕು ಮನೆಯವರು ಅದನ್ನೇ ನೋಡಿಕೊಂಡು ಬಾಗಿಲು ಹಾಕುತ್ತಾರೆ. ಒಬ್ಬ ತಾಯಿ ನನ್ನ ಕೈ ಹಿಡಿದು ಕೇಳಿದಳು: “ಟೀಚರ್ರೀ, ನಿಮ್ಮ ಮ್ಯಾಲ ನಂಬಿಕಿ ಅದ. ಆದ್ರ ಯಾವತ್ತ ಹೋಗ್ತಾರ, ಯಾವತ್ತ ಹೊಳ್ಳಿ ಬರ್ತಾರ, ಅಷ್ಟರೆ ಹೇಳ್ರಿ. ಅವರಪ್ಪಗ ಏನಂತ ಹೇಳ್ಲಿ?” ಪಟ್ಟಿ ಇನ್ನೂ ಬಂದಿಲ್ಲವ್ವಾ ಎಂದೆ. “ಪಟ್ಟಿ ಇಲ್ದ ಪೋರಿಗಿ ಹ್ಯಾಂಗ ಕಳಸ್ಲಿ?” ಎಂದಳು. ಅವಳ ಪ್ರಶ್ನೆಯಲ್ಲಿ ತಪ್ಪೇನಿತ್ತು? ಆ ಹುಡುಗಿ ಬರಲಿಲ್ಲ. ನಮ್ಮ ತಂಡದಲ್ಲಿ ಅವಳಷ್ಟು ವೇಗವಾಗಿ ಓಡುವವರು ಇರಲಿಲ್ಲ.

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಖೋ ಖೋದ ಮೊದಲ ವಿಶ್ವಕಪ್ ನಡೆಯಿತು. ನಮ್ಮ ದೇಶದ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿ. ಟಿ.ವಿ.ಯಲ್ಲಿ ಆಕೆಯನ್ನು ನೋಡಿ ನಮ್ಮ ಮಕ್ಕಳು ಶಾಲೆಯಲ್ಲಿ ಕುಣಿದಾಡಿದರು, ನಾನೂ ಕುಣಿಯುವುದೊಂದು ಬಾಕಿ. ಆಕೆಯ ಗೆಲುವಿನಿಂದ ಒಂದು ತೂಕವನ್ನೂ ನಾನು ಕಡಿಮೆ ಮಾಡಲಾರೆ, ಆಕೆ ಬೆವರು ಸುರಿಸಿ ಗಳಿಸಿದ್ದು ಅದು. ಆದರೆ ಕಲಬುರಗಿ ಕಡೆಯ ಒಬ್ಬಳು ಅಲ್ಲಿಗೆ ಮುಟ್ಟಬೇಕಾದರೆ ಮೊದಲು ರಾಜ್ಯ ಮಟ್ಟದಲ್ಲಿ ಆರಿಸುವವರ ಕಣ್ಣಿಗೆ ಬೀಳಬೇಕು. ಬೆಳಿಗ್ಗೆ ಎಂಟಕ್ಕೆ ಆಡಿ ಒಂಬತ್ತೂವರೆಗೆ ಗಂಟು ಕಟ್ಟುವವಳು ಯಾರ ಕಣ್ಣಿಗೆ ಬಿದ್ದಾಳು? ಆರಿಸುವ ಮಹನೀಯರು ಮೈದಾನಕ್ಕೆ ಬರುವುದೇ ಹತ್ತರ ಮೇಲೆ.

2012ರಲ್ಲಿ ಸಂವಿಧಾನಕ್ಕೆ 98ನೆಯ ತಿದ್ದುಪಡಿ ಮಾಡಿ 371ಜೆ ಎಂಬ ಕಲಂ ಕೊಟ್ಟು, ಈ ಭಾಗ ಹಿಂದುಳಿದಿದೆ, ಓದಿಗೆ ನೌಕರಿಗೆ ಇದಕ್ಕೆ ವಿಶೇಷ ಕೈಹಿಡಿಯಬೇಕು ಎಂದು ದೇಶವೇ ಒಪ್ಪಿತು. ಅಷ್ಟು ದೊಡ್ಡ ಮಾತು ಒಪ್ಪಿದವರಿಗೆ ಒಂದು ಪಂದ್ಯವನ್ನು ಬೆಳಗಿನಿಂದ ಸಂಜೆಗೆ ತಳ್ಳುವುದು ಭಾರವೇ? ನಾನು ಕೇಳುವುದಕ್ಕೆ ಹೊಸ ಕಾನೂನು ಬೇಡ, ಕೋಟಿ ರೂಪಾಯಿಯೂ ಬೇಡ. ಕ್ರೀಡಾಕೂಟದ ತಾರೀಖುಗಳನ್ನು ಜೂನ್‌ನಲ್ಲಿ ಶಾಲೆ ಶುರುವಾದಾಗಲೇ ಹೇಳಿಬಿಡಿ. ಪರೀಕ್ಷೆಯ ತಾರೀಖು ಹೇಳಲು ಬರುತ್ತದಲ್ಲ, ಹಾಗೆ. ಆಗ ನಾವು 60 ದಿನ ಮೊದಲೇ ಸಾಲಿನಲ್ಲಿ ನಿಂತು ಬರ್ತ್ ಹಿಡಿಯುತ್ತೇವೆ. 300 ಕಿಲೋಮೀಟರಿಗಿಂತ ದೂರದಿಂದ ಬರುವ ಯಾವ ತಂಡವೇ ಆಗಲಿ, ಯಾವ ದಿಕ್ಕಿನದೇ ಆಗಲಿ, ಇಳಿದ ದಿನ ಆಡಬಾರದು. ಒಂದು ರಾತ್ರಿ ಹೆಚ್ಚಿಗೆ ಉಳಿದರೆ ಆಗುವ ಖರ್ಚೇನು? ಹೇಗೂ ಖಾಲಿ ಇರುವ ಶಾಲೆಯ ಕೋಣೆಯ ಕೀಲಿಕೈ, ಒಂದು ಹೊತ್ತಿನ ಅನ್ನ ಸಾರು. ಹೊತ್ತು ಬರೆಯುವ ಹಾಳೆಯ ಮುಂದೆ ದೂರದ ಜಿಲ್ಲೆಯ ಒಬ್ಬರು ಕೂತಿರಲಿ, ಹೆಣ್ಣುಮಕ್ಕಳ ಪಂದ್ಯವಾದರೆ ಒಬ್ಬ ಹೆಂಗಸೂ ಕೂತಿರಲಿ. ಶೌಚಾಲಯದ ಚಿಲಕದ ವಿಷಯ ಬರೆಯಲು ನನಗೇ ನಾಚಿಕೆ. ಅದನ್ನೂ ಬರೆದಿದ್ದೇನೆ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ನಾಲ್ಕು ಶಾಲೆಗಳ ಟೀಚರುಗಳ ಸಹಿ ಹಾಕಿಸಿ ಕೊಡಬೇಕಾದ ಕಡೆ ಕೊಟ್ಟಿದ್ದೇನೆ. ಪಿ.ಇ. ಸರ್ ಮೊದಲು “ನಾವ್ ಕೇಳಿದ್ರ ನಡೀತದೇನ್ರಿ ಮೇಡಂ” ಎಂದು ಅನುಮಾನ ಮಾಡಿದರು, ಆಮೇಲೆ ಅವರೇ ಎಲ್ಲರಿಗಿಂತ ದೊಡ್ಡದಾಗಿ ಸಹಿ ಹಾಕಿದರು. ತಗೊಂಡವರು “ಮೇಲಕ್ಕೆ ಕಳಿಸುತ್ತೇವೆ” ಎಂದಿದ್ದಾರೆ. ಈ ವರ್ಷದ ತಂಡಕ್ಕೆ 12 ಹುಡುಗಿಯರ ಹೆಸರು ಬರೆದು ಇಟ್ಟಿದ್ದೇವೆ. ಮೂವರ ಹೆಸರು ಇನ್ನೂ ಪೆನ್ಸಿಲ್ಲಿನಲ್ಲಿದೆ. ಅವರ ಮನೆಯವರು ತಾರೀಖು ಕೇಳಿದ್ದಾರೆ.